ಹಳೇ ಅಮೆರಿಕನ್ ಕಾರುಗಳು ನಿಜವಾಗ್ಲೂ ಅಷ್ಟು ಗಟ್ಟಿ ಇದ್ದವಾ?

ಮಿಷಿಗನ್ ಮಾವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಪಕ್ಕದ ಮನೆಯ ತಾತನ ಹತ್ತಿರ 1966ರ ಫೋರ್ಡ್ ಮಸ್ಟಾಂಗ್ ಕಾರು ಇದೆ. ನಾವಿರುವುದು ಡೆಟ್ರಾಯ್ಟ್ ಪಕ್ಕದಲ್ಲಿ, ಇಲ್ಲಿ ಬೀದಿಗೊಂದು ಹಳೇ ಕಾರು ಕಾಣುತ್ತದೆ, ಆಗಸ್ಟ್ ಬಂತೆಂದರೆ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಇವುಗಳದ್ದೇ ಜಾತ್ರೆ. ಹಾಗಾಗಿ ನೋಡಿ ನೋಡಿ ಅಭ್ಯಾಸ. ಆದರೆ ಓಡಿಸಿದ್ದು ಮಾತ್ರ ಹೋದ ಭಾನುವಾರವೇ ಮೊದಲು. ತಾತನೇ ಕರೆದು ಕೀ ಕೈಗಿಟ್ಟರು.

289 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್, ಅಂದರೆ 4.7 ಲೀಟರ್. ಮೂರೇ ಗೇರ್. ಕೀ ಹಾಕುವ ಜಾಗ ಡ್ಯಾಶ್‌ಬೋರ್ಡಿನಲ್ಲಿ. ತಿರುಗಿಸಿದರೆ ಎಂಜಿನ್ ಮಾತ್ರ ಅಲ್ಲ, ಇಡೀ ಕಾರೇ ಎದ್ದ ಹಾಗೆ ಆಗುತ್ತದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಸಣ್ಣಗೆ ವಾಲುತ್ತದೆ! ಸ್ಟೀರಿಂಗ್ ತೆಳ್ಳಗೆ, ದೊಡ್ಡದು, ಪವರ್ ಗಿವರ್ ಏನೂ ಇಲ್ಲ. ಹೈ ಬೀಮ್ ಬೇಕಾದರೆ ಎಡಗಾಲಲ್ಲಿ ನೆಲದ ಮೇಲಿನ ಗುಂಡಿ ತುಳಿಯಬೇಕು. ಕಿಟಕಿಯ ಮುಂದೆ ಸಣ್ಣ ತ್ರಿಕೋನದ ಗಾಜು, ಅದನ್ನು ಕೈಯಲ್ಲಿ ತಿರುಗಿಸಿದರೆ ಗಾಳಿ ಸೀದಾ ಮುಖಕ್ಕೆ. ನಾಲ್ಕು ಮೈಲಿ ಓಡಿಸಿ ಬಂದೆ ಅಷ್ಟೇ, ಆಮೇಲೆ ನನ್ನ ಕಾರು ಹತ್ತಿದರೆ ಫ್ರಿಜ್ಜಿನ ಒಳಗೆ ಕೂತ ಹಾಗೆ ಅನ್ನಿಸಿತು. ಮೂರು ದಿನವಾದರೂ ಬಟ್ಟೆಯಲ್ಲಿ ಪೆಟ್ರೋಲ್ ವಾಸನೆ. ಹೆಂಡತಿ ಕೇಳುವ ಮುಂಚೆಯೇ ಒಪ್ಪಿಕೊಂಡುಬಿಟ್ಟೆ.

ಈಗ ವಿಷಯಕ್ಕೆ ಬರ್ತೀನಿ. ಆಫೀಸಿನಲ್ಲಿ ಒಬ್ಬರು, "ಆ ಕಾಲದ ಕಾರು ಅಂದರೆ ಕಬ್ಬಿಣ, ಗುದ್ದಿದರೆ ಗುದ್ದಿದ್ದೇ ಮುರಿಯಬೇಕು, ಈಗಿನದ್ದೆಲ್ಲ ಪ್ಲಾಸ್ಟಿಕ್ ಡಬ್ಬ" ಎನ್ನುತ್ತಾರೆ. ಇದು ನಿಜವಾ? ಮನೆಯಲ್ಲೇ ರಿಪೇರಿ ಮಾಡಿಕೊಳ್ಳಬಹುದಿತ್ತು ಅನ್ನುವುದೂ ನಿಜವಾ? ಯಾಕೆ ಕೇಳುತ್ತಿದ್ದೇನೆ ಅಂದರೆ, ತಾತನಿಗೆ 81 ವರ್ಷ, ಕ್ಲಚ್ ತುಳಿಯಲು ಮಂಡಿ ನೋವು. "ನೀನು ಇಟ್ಕೊಳ್ತೀಯಾ?" ಅಂತ ಒಂದು ಮಾತು ಹಾಕಿದ್ದಾರೆ. ನನಗೆ ಅವತ್ತಿಂದ ನಿದ್ದೆ ಇಲ್ಲ.

ಗ್ರೀಸ್ ಕೈ:

ದೂರದ ಬೆಟ್ಟ ನುಣ್ಣಗೆ ಮಾರಾಯರೇ. ನಾನು ಆ ಬೆಟ್ಟ ಹತ್ತಿ ಬಂದವನು.

1984ರಲ್ಲಿ ಓದಲು ಒಹಾಯೋಗೆ ಬಂದಾಗ 600 ಡಾಲರ್ ಕೊಟ್ಟು 1972ರ ಒಂದು ದೊಡ್ಡ ಸೆಡಾನ್ ತಗೊಂಡೆ. ಯಾವ ಕಂಪನಿ ಅಂತ ಕೇಳಬೇಡಿ, ಆಗ ಎಲ್ಲರದ್ದೂ ಹೆಚ್ಚು ಕಮ್ಮಿ ಒಂದೇ ಕಥೆ. ಆರು ಜನ ಆರಾಮಾಗಿ ಕೂರಬಹುದಿತ್ತು, ಮುಂದಿನ ಸೀಟು ಸೋಫಾ ತರಹ. ಚೆನ್ನಾಗಿದ್ದ ಭಾಗ ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಬೆಳಗ್ಗೆ ಕ್ಲಾಸಿಗೆ ಹೋಗುವುದು ಅಂದರೆ ಒಂದು ಪೂಜೆ. ಪೆಡಲ್ ಎರಡು ಸಲ ತುಳಿಯಬೇಕು, ಆಗ ಚೋಕ್ ಮುಚ್ಚಿಕೊಳ್ಳುತ್ತದೆ. ಮೂರನೇ ಸಲ ತುಳಿದರೋ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಒದ್ದೆ. ಒದ್ದೆಯಾದರೆ ಪೆಡಲ್ ಪೂರ್ತಿ ಕೆಳಗೆ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸುತ್ತಾ ಕೂರಬೇಕು, ಅಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಇನ್ನು ಜುಲೈನಲ್ಲಿ ಇದರ ಉಲ್ಟಾ. ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೆ ಪೈಪಿನೊಳಗೇ ಪೆಟ್ರೋಲ್ ಕುದಿದು ಆವಿಯಾಗಿ, ಪಂಪಿಗೆ ಎಳೆಯಲು ಏನೂ ಸಿಗದೆ ಗಾಡಿ ಸುಮ್ನೆ ನಿಂತುಬಿಡುತ್ತಿತ್ತು. ಹೆದ್ದಾರಿ ಪಕ್ಕದಲ್ಲಿ ಬಾನೆಟ್ ಎತ್ತಿ ನಿಂತು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಮನೆಯಲ್ಲೇ ರಿಪೇರಿ ಮಾಡಬಹುದಿತ್ತಾ ಅಂದರೆ, ಹೌದು, ಮಾಡಬಹುದಿತ್ತು. ಮಾಡದೆ ಬೇರೆ ದಾರಿಯೂ ಇರಲಿಲ್ಲವಲ್ಲ! ಹತ್ತು ಹನ್ನೆರಡು ಸಾವಿರ ಮೈಲಿಗೊಮ್ಮೆ ಕಿಡಿ ಹೊತ್ತಿಸುವ ಪಾಯಿಂಟ್, ಕಂಡೆನ್ಸರ್, ಸ್ಪಾರ್ಕ್ ಪ್ಲಗ್ ಎಲ್ಲ ಬದಲಾಯಿಸಬೇಕು. ಈಗಿನ ಪ್ಲಗ್ ಒಂದು ಲಕ್ಷ ಮೈಲಿ ಬರುತ್ತದೆ. ಅಂದಹಾಗೆ ಆ ತಾತನ ಗಾಡಿಯ ಓಡೋಮೀಟರ್ ನೋಡಿ, ಮೈಲಿಗೆ ಐದೇ ಅಂಕಿ ಇರುತ್ತದೆ. 99,999 ಆದಮೇಲೆ ಮತ್ತೆ ಸೊನ್ನೆ. ಅದರ ಮೇಲೆ ಯಾವ ಕಾರು ಬದುಕುತ್ತದೆ ಅಂತ ಕಂಪನಿಯವರಿಗೇ ನಂಬಿಕೆ ಇರಲಿಲ್ಲ.

ಕೊನೆಗೆ ನನ್ನದು ಹೋಗಿದ್ದು ತುಕ್ಕಿನಿಂದ. ಹಿಮ ಕರಗಲಿ ಅಂತ ರಸ್ತೆಗೆ ಹಾಕುವ ಉಪ್ಪು ನೆಲ ತಿಂದು ಹಾಕಿತು. ಒಂದು ದಿನ ಕಾರ್ಪೆಟ್ ಎತ್ತಿದರೆ ಕಾಲ ಕೆಳಗೆ ರಸ್ತೆ ಕಾಣುತ್ತಿತ್ತು.

ಬೆಲ್ಟ್ ಹಾಕ್ರಪ್ಪ:

ಆಫೀಸಿನ ಆ ಮಹಾನುಭಾವರಿಗೆ ಒಂದು ವಿಡಿಯೋ ತೋರಿಸಿ. 2009ರಲ್ಲಿ, ಕಾರು ಗುದ್ದಿಸಿ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿಯವರು ತಮ್ಮ 50ನೇ ವರ್ಷಕ್ಕೆ ಒಂದು ಪರೀಕ್ಷೆ ಮಾಡಿದರು. ಒಂದು ಕಡೆ 1959ರ ಶೆವ್ರೊಲೆ ಬೆಲ್ ಏರ್, ಇನ್ನೊಂದು ಕಡೆ 2009ರ ಶೆವ್ರೊಲೆ ಮಾಲಿಬು. ಎರಡೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರು, ಚಾಲಕನ ಪಕ್ಕ ಮಾತ್ರ ತಾಗುವ ಹಾಗೆ.

ನಿಮ್ಮ "ಕಬ್ಬಿಣ" ಏನಾಯಿತು ಗೊತ್ತಾ? ಬೆಲ್ ಏರ್ ಚಾಲಕ ಕೂರುವ ಜಾಗವೇ ಮಡಚಿಕೊಂಡು ಹೋಯಿತು. ಸ್ಟೀರಿಂಗ್ ಹಿಂದಕ್ಕೆ ಬಂದು ಬೊಂಬೆಯ ಮೇಲೆ ಕೂತಿತು. ಅದು ಮನುಷ್ಯನಾಗಿದ್ದರೆ ಬದುಕುವ ಮಾತೇ ಇಲ್ಲ. ಮಾಲಿಬು ಮೂತಿ ಅಪ್ಪಚ್ಚಿ, ಆದರೆ ಒಳಗಿನ ಜಾಗ ಇದ್ದ ಹಾಗೇ ಇತ್ತು, ಅದರ ಬೊಂಬೆಗೆ ಆಗಿದ್ದು ಕಾಲಿಗೆ ಸಣ್ಣ ಪೆಟ್ಟು ಅಷ್ಟೇ.

ಕಾರು ಗಟ್ಟಿ ಇದ್ದರೆ ಪೆಟ್ಟು ಎಲ್ಲಿಗೆ ಹೋಗಬೇಕು ಹೇಳಿ? ನಿಮ್ಮ ಎದೆಗೇ. ಈಗಿನ ಕಾರಿನ ಮುಂಭಾಗ ನಜ್ಜುಗುಜ್ಜಾಗಲಿ ಅಂತಲೇ ಮಾಡಿರುತ್ತಾರೆ, ಗುದ್ದಿದ ರಭಸವನ್ನೆಲ್ಲ ಅದೇ ನುಂಗಿಕೊಳ್ಳಲಿ ಅಂತ. ಜನ ಪಾರ್ಕಿಂಗ್‌ನಲ್ಲಿ ಬಂಪರ್ ಬಿರುಕು ಬಿಟ್ಟಿದ್ದು ನೋಡಿ ಪ್ಲಾಸ್ಟಿಕ್ ಡಬ್ಬ ಎನ್ನುತ್ತಾರೆ, ಕೂರುವ ಜಾಗದ ಸುತ್ತ ಇರುವ ಉಕ್ಕು ಅವರ ಕಣ್ಣಿಗೆ ಕಾಣುವುದಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. 1966ರಲ್ಲಿ ಅಮೆರಿಕದಲ್ಲಿ ಪ್ರತಿ 10 ಕೋಟಿ ಮೈಲಿ ಓಡಾಟಕ್ಕೆ ಸುಮಾರು 5.5 ಸಾವು. 2023ರಲ್ಲಿ 1.3ರ ಆಸುಪಾಸು. ಎಲ್ಲವೂ ಕಾರಿನಿಂದಲೇ ಆಗಿದ್ದಲ್ಲ, ರಸ್ತೆ, ಆಂಬುಲೆನ್ಸ್, ಕುಡಿದು ಓಡಿಸುವವರ ಮೇಲಿನ ಕಾನೂನು, ಎಲ್ಲ ಸೇರಿದೆ. ಆದರೂ ಕಾರಿನ ಪಾಲು ದೊಡ್ಡದು. ಹೊಸ ಕಾರಿಗೆ ಸೀಟ್ ಬೆಲ್ಟ್ ಜೋಡಿಸುವುದು ಕಡ್ಡಾಯವಾಗಿದ್ದೇ 1968ರಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 1998ರ ಮಾಡೆಲ್‌ಗಳಿಂದ.

ಮಾವ, ನಿಮ್ಮ 66ರ ಮಸ್ಟಾಂಗ್ ಬಗ್ಗೆಯೇ ಹೇಳುವುದಾದರೆ ಮೂರು ವಿಷಯ ತಲೆಯಲ್ಲಿರಲಿ. ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದು, ಒಂದು ಪೈಪ್ ಸೋರಿದರೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಸೊಂಟಕ್ಕೆ ಮಾತ್ರ ಬೆಲ್ಟ್, ಭುಜಕ್ಕಿಲ್ಲ. ಇನ್ನು ಡಿಕ್ಕಿ ತೆಗೆದು ಚಾಪೆ ಎತ್ತಿ ನೋಡಿ, ನೆಲ ಅಂತ ಕಾಣುವುದು ನೆಲ ಅಲ್ಲ, ಪೆಟ್ರೋಲ್ ಟ್ಯಾಂಕಿನ ತಲೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಟ್ಯಾಂಕಿಗೂ ನಿಮಗೂ ನಡುವೆ ಹಿಂದಿನ ಸೀಟಿನ ಕುಶನ್ ಮಾತ್ರ. ಹೆದರಿಸಲು ಹೇಳುತ್ತಿಲ್ಲ. ಸರಿ, ಸ್ವಲ್ಪ ಹೆದರಿಸಲೂ ಹೇಳುತ್ತಿದ್ದೇನೆ.

ಎಂಟು ಸಿಲಿಂಡರ್:

ಸುರಕ್ಷತೆ ಒಪ್ಪಿದೆ. ಆದರೆ ಶಕ್ತಿಯ ಬಗ್ಗೆಯೂ ಜನ ಸುಮ್ನೆ ಕಥೆ ಕಟ್ಟುತ್ತಾರೆ, ಅದನ್ನೂ ಬಿಡಿಸಿಬಿಡೋಣ. ನಾನು ವಿ8 ಅಂದರೆ ಪ್ರಾಣ ಬಿಡುವವನು, ಹಾಗಾಗಿ ನನ್ನ ಮಾತು ನಂಬಬಹುದು.

1964ರ ಪಾಂಟಿಯಾಕ್ ಜಿಟಿಒ ಬಂತು, ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 6.4 ಲೀಟರ್ ಎಂಜಿನ್ ಹಾಕಿದರು. ಅಲ್ಲಿಂದ ಶುರುವಾಯಿತು ಪೈಪೋಟಿ. ಕ್ರೈಸ್ಲರ್‌ನ 7 ಲೀಟರ್ ಹೆಮಿ ಎಂಜಿನ್‌ಗೆ 425 ಎಚ್‌ಪಿ (ಅಶ್ವಶಕ್ತಿ) ಅಂತ ಬರೆದರು. ಆದರೆ ಆಗ ಎಚ್‌ಪಿ ಅಳೆಯುತ್ತಿದ್ದ ರೀತಿ ಏನು? ಎಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಕ್ಲೀನರ್ ಇಲ್ಲ, ಸೈಲೆನ್ಸರ್ ಇಲ್ಲ, ಆಲ್ಟರ್ನೇಟರ್ ಎಳೆಯುವ ಭಾರ ಇಲ್ಲ, ಓಡಿಸಿ ನೋಡಿ ಬರೆದುಕೊಳ್ಳುವುದು. ಸ್ನಾನ ಮಾಡಿ ಬಟ್ಟೆ ಬಿಚ್ಚಿ ತೂಕ ನೋಡಿಕೊಂಡ ಹಾಗೆ. ಇದಕ್ಕೆ ಗ್ರಾಸ್ ಎನ್ನುತ್ತಾರೆ. 1972ರ ಮಾಡೆಲ್‌ಗಳಿಂದ ಎಲ್ಲವನ್ನೂ ಜೋಡಿಸಿ ಅಳೆಯುವ ನೆಟ್ ಲೆಕ್ಕ ಬಂತು. ಒಂದೇ ರಾತ್ರಿಯಲ್ಲಿ ಎಲ್ಲ ಕಾರುಗಳೂ ಕಾಗದದ ಮೇಲೆ ಸೊರಗಿದವು.

ಕಾಗದದ ಮೇಲೆ ಮಾತ್ರ ಅಲ್ಲ, ನಿಜವಾಗಿಯೂ ಸೊರಗಿದವು. ಹೊಗೆಗೆ ಕಡಿವಾಣ ಹಾಕುವ 1970ರ ಕ್ಲೀನ್ ಏರ್ ಆಕ್ಟ್ ಬಂತು, ಸೀಸವಿಲ್ಲದ ಪೆಟ್ರೋಲಿಗೆ ಹೊಂದಲಿ ಅಂತ ಎಂಜಿನ್ ಒಳಗಿನ ಒತ್ತಡ (ಕಂಪ್ರೆಷನ್) ಇಳಿಸಿದರು, 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, 1975ಕ್ಕೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಕ್ಯಾಡಿಲಾಕ್ ಎಲ್ಡೊರಾಡೊದ 8.2 ಲೀಟರ್ ಎಂಜಿನ್ ನೋಡಿ. 1970ರಲ್ಲಿ ಗ್ರಾಸ್ ಲೆಕ್ಕದಲ್ಲಿ 400 ಎಚ್‌ಪಿ. ಅದೇ ಎಂಜಿನ್, 1976ರಲ್ಲಿ ನೆಟ್ 190. ಎಂಟು ಲೀಟರ್ ಎಂಜಿನ್ ಇದ್ದೂ 190! ಈಗಿನ ಮಸ್ಟಾಂಗ್‌ನ 2.3 ಲೀಟರ್ ನಾಲ್ಕು ಸಿಲಿಂಡರ್ 315 ಕೊಡುತ್ತದೆ, ಹೆದ್ದಾರಿಯಲ್ಲಿ ಗ್ಯಾಲನ್‌ಗೆ 30 ಮೈಲಿಯೂ ದಾಟುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಬೇಕಾಗಿರುವುದು ಹಳೇದೇ. ಕಾರಣ ಆ ಸದ್ದು. 2023ರ ಕೊನೆಗೆ ವಿ8 ಹಾಕುತ್ತಿದ್ದ ಡಾಡ್ಜ್ ಚಾಲೆಂಜರ್ ಕಾರು ನಿಂತಿತು, ಚಾರ್ಜರ್ ಅನ್ನುವ ಎಲೆಕ್ಟ್ರಿಕ್ ಕಾರು ಬಂತು, ಈಗ ಅದಕ್ಕೆ ಸ್ಪೀಕರ್ ಇಟ್ಟು ವಿ8 ತರಹ ಗುಡುಗಿಸುತ್ತಾರೆ. ಗಾಡಿ ವೇಗವೇನೋ ಭಯಂಕರ. ಆದರೆ ಟೇಪ್ ರೆಕಾರ್ಡರ್‌ನಲ್ಲಿ ಮಂಗಳವಾದ್ಯ ಹಾಕಿ ಮದುವೆ ಮಾಡಿದ ಹಾಗೆ ಅಲ್ವಾ?

ಗುಂಡಿ ಬೇಕು:

ಎಲ್ಲರೂ ಹೊಸದನ್ನೇ ಹೊಗಳುತ್ತಿದ್ದೀರಲ್ಲ, ನನ್ನ ಗೋಳೂ ಕೇಳಿ.

ಹೋದ ತಿಂಗಳು ನನ್ನ ಕಾರಿನ ಒಂದು ಹೆಡ್‌ಲೈಟಿಗೆ ನೀರು ಹೋಯಿತು. ಆರು ವರ್ಷದ ಗಾಡಿ, ಕಂಪನಿ ಹೆಸರು ಬೇಡ. ಒಳಗಿನ ಬಲ್ಬ್ ಮಾತ್ರ ಬದಲಾಯಿಸಲು ಆಗುವುದಿಲ್ಲ, ಇಡೀ ಎಲ್‌ಇಡಿ ಜೋಡಣೆಯೇ ಹೊಸದು, ಅದನ್ನು ಹಾಕಲು ಬಂಪರ್ ಬಿಚ್ಚಬೇಕು, ಹಾಕಿದ ಮೇಲೆ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು. ಬಿಲ್ 1,400 ಡಾಲರ್. ಒಂದು ದೀಪಕ್ಕೆ! ಅದೇ ಮಾವನ ಪಕ್ಕದ ಮನೆ ತಾತನ ಗಾಡಿಗೆ ದುಂಡನೆಯ ಸೀಲ್ಡ್ ಬೀಮ್, ಬಲ್ಬು ಗಾಜು ಎಲ್ಲ ಒಂದೇ ತುಂಡು. 1940ರಿಂದ ದಶಕಗಟ್ಟಲೆ ಹೆಡ್‌ಲೈಟಿನ ಅಳತೆಯನ್ನು ನಿಯಮವೇ ಗೊತ್ತು ಮಾಡಿತ್ತು, ಯಾವ ಊರಿನ ಯಾವ ಅಂಗಡಿಗೆ ಹೋದರೂ ಸಿಗುತ್ತಿತ್ತು, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ದೀಪದ ಬೆಳಕು ಮಂಕು, ಒಪ್ಪಿದೆ. ಆದರೆ ಕೆಟ್ಟರೆ ನನ್ನ ಕೈಯಲ್ಲಿತ್ತು.

ಇನ್ನು ಆ ಪರದೆ. ಎಸಿ ಗಾಳಿ ಕಾಲಿಗೆ ಬೇಕಾ ಮುಖಕ್ಕೆ ಬೇಕಾ ಅಂತ ಹೇಳಲು ಮೂರು ಸಲ ಒತ್ತಬೇಕು, ಗಂಟೆಗೆ 70 ಮೈಲಿಯಲ್ಲಿ, ರಸ್ತೆ ಬಿಟ್ಟು ಅದನ್ನೇ ನೋಡುತ್ತಾ. ಹಳೇ ಕಾರಿನಲ್ಲಿ ಒಂದು ಕಡ್ಡಿ ಎಡಕ್ಕೆ ಬಲಕ್ಕೆ ತಳ್ಳಿದರೆ ಮುಗಿಯಿತು, ಕತ್ತಲಲ್ಲೂ ಕೈಗೆ ಸಿಗುತ್ತಿತ್ತು. ಸುರಕ್ಷತೆ ಎನ್ನುವವರು ಇದಕ್ಕೇನು ಹೇಳುತ್ತೀರಿ?

ಬಣ್ಣದ ವಿಷಯ ಯಾರೂ ಎತ್ತಲಿಲ್ಲ. 1957ರ ಬೆಲ್ ಏರ್ ನೋಡಿ, ತಿಳಿ ನೀಲಿ ಹಸಿರು, ಮೇಲೆ ದಂತದ ಬಿಳಿ. ಈಗ ಯಾವುದೇ ಮಾಲ್‌ನ ಪಾರ್ಕಿಂಗಿಗೆ ಹೋಗಿ, ಬಿಳಿ, ಕಪ್ಪು, ಬೂದು, ಮತ್ತೊಂದು ಬೂದು. ನನ್ನ ಕಾರು ಯಾವುದು ಅಂತ ಕೀ ಒತ್ತಿ ಕೂಗಿಸಿ ಹುಡುಕಬೇಕು.

ಬೆಲ್ಟ್ ಹಾಕ್ರಪ್ಪ:

@ಗುಂಡಿ ಬೇಕು, ಪರದೆ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ನೀವೇ ಸರಿ.

ಮೂಲೆ ಬೆಂಚು:

ಹಳೇ ಕಾರು ಬಾಳಿಕೆ ಬರಲ್ಲ ಎನ್ನುವವರು ಹವಾನಾಗೆ ಹೋಗಿ ಬನ್ನಿ. 1950ರ ದಶಕದ ಶೆವ್ರೊಲೆ, ಬ್ಯೂಕ್ ಇವತ್ತೂ ಟ್ಯಾಕ್ಸಿ ಓಡುತ್ತಿವೆ.

ಗ್ರೀಸ್ ಕೈ:

@ಮೂಲೆ ಬೆಂಚು, ಬಾನೆಟ್ ಎತ್ತಿ ನೋಡಿದ್ದೀರಾ? ಎಷ್ಟೋ ಗಾಡಿಗಳಲ್ಲಿ ಒಳಗಿರುವುದು ಬೇರೆ ಯಾವುದೋ ಡೀಸೆಲ್ ಎಂಜಿನ್. ಅಮೆರಿಕದ ನಿರ್ಬಂಧದಿಂದ ಹೊಸ ಕಾರೂ ಬರಲಿಲ್ಲ, ಬಿಡಿ ಭಾಗವೂ ಬರಲಿಲ್ಲ, ಪಾಪ ಅವರು ಇದ್ದುದರಲ್ಲೇ ತೇಪೆ ಹಾಕಿ ಓಡಿಸಿದರು. ಅದು ಕಾರಿನ ತಾಕತ್ತಲ್ಲ, ಮೆಕ್ಯಾನಿಕ್‌ಗಳ ತಾಕತ್ತು.

ಅಮೆರಿಕದಲ್ಲಿ ಆಗಿದ್ದು ಇದರ ಉಲ್ಟಾ. ಕಾರು ಬಾಳಿಕೆ ಬರಲಿ ಅಂತ ಕಂಪನಿಗೂ ಇರಲಿಲ್ಲ, ಕೊಳ್ಳುವವನಿಗೂ ಇರಲಿಲ್ಲ. ವರ್ಷ ವರ್ಷ ರೂಪ ಬದಲಾಯಿಸಿ ಹೋದ ವರ್ಷದ್ದು ಹಳತು ಅನ್ನಿಸುವಂತೆ ಮಾಡುವುದೇ ವ್ಯಾಪಾರ. ಶೆವ್ರೊಲೆಯ 57, 58, 59 ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಆ ಕಾಲದ ಕಾರುಗಳ ಹಿಂಬದಿಯ ರೆಕ್ಕೆ ಶುರುವಾಗಿದ್ದು 1948ರ ಕ್ಯಾಡಿಲಾಕ್‌ನಲ್ಲಿ, ಜನರಲ್ ಮೋಟರ್ಸ್ ವಿನ್ಯಾಸಕಾರ ಹಾರ್ಲಿ ಅರ್ಲ್ ತಂಡ ಪಿ-38 ಯುದ್ಧ ವಿಮಾನದ ಬಾಲ ನೋಡಿ ಬಂದು ಮಾಡಿದ್ದು. 1959ರ ಹೊತ್ತಿಗೆ ಅದು ಆಳೆತ್ತರ ಬೆಳೆಯುವುದೊಂದೇ ಬಾಕಿ. ಕೆಳಗೆ ಮಾತ್ರ ಅದೇ ಡ್ರಮ್ ಬ್ರೇಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

1970ರ ಸುಮಾರಿಗೆ ಅಮೆರಿಕದ ರಸ್ತೆಯ ಕಾರಿನ ಸರಾಸರಿ ವಯಸ್ಸು 6 ವರ್ಷವೂ ಇರಲಿಲ್ಲ. ಈಗ 12 ದಾಟಿದೆ. ನಾವು ಇವತ್ತು ನೋಡುವುದು ಯಾರೋ ಮುದ್ದು ಮಾಡಿ ಗ್ಯಾರೇಜಿನಲ್ಲಿ ಇಟ್ಟುಕೊಂಡ ನಾಲ್ಕನ್ನು. ಉಳಿದ ತೊಂಬತ್ತಾರು ಗುಜರಿಗೆ ಹೋಗಿದ್ದು ಯಾರಿಗೂ ನೆನಪಿಲ್ಲ. ನನ್ನದೂ ಅದರಲ್ಲಿ ಒಂದು.

ಮಿಷಿಗನ್ ಮಾವ:

ಎಲ್ಲರಿಗೂ ಥ್ಯಾಂಕ್ಸ್. ವಿಡಿಯೋ ನೋಡಿದೆ, ಹೆಂಡತಿಗೂ ತೋರಿಸಿದೆ. ತೋರಿಸಬಾರದಿತ್ತು.

ನಿನ್ನೆ ಮತ್ತೆ ತಾತನ ಗ್ಯಾರೇಜಿಗೆ ಹೋಗಿದ್ದೆ. ಟ್ಯಾಂಕಿನ ವಿಷಯ ಕೇಳಿದರೆ "ಗೊತ್ತು ಗೊತ್ತು, 58 ವರ್ಷದಿಂದ ಗೊತ್ತು" ಅಂದರು. ಎಂಜಿನ್ ಐಡಲ್‌ನಲ್ಲಿ ಸ್ವಲ್ಪ ತೊದಲುತ್ತಿತ್ತು. ಪಾಯಿಂಟ್ ಸರಿ ಮಾಡೋಣ ಬಾ ಅಂತ ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟರು.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ಎರಡು ಕ್ಲಿಪ್, ಪಟ್ ಪಟ್ ಅಂತ ಬಿಚ್ಚಿತು. ಒಳಗೆ ರೋಟರ್, ಅದರ ಕೆಳಗೆ ಚಿಟಿಕೆ ಗಾತ್ರದ ಎರಡು ತುಟಿ. ಇದೇ ಪಾಯಿಂಟ್, ಇದು ತೆರೆದು ಮುಚ್ಚಿದಾಗಲೆಲ್ಲ ಒಂದು ಕಿಡಿ, ಅಷ್ಟೇ ಕಣೋ ಅಂದರು. ನಡುವಿನ ಕಂಬ ಎಂಟು ಮೂಲೆಯದ್ದು, ಸಿಲಿಂಡರಿಗೊಂದು ಮೂಲೆ. ಎಂಜಿನ್ ಸ್ವಲ್ಪ ಸ್ವಲ್ಪ ತಿರುಗಿಸಿ ಒಂದು ಮೂಲೆ ಸರಿಯಾಗಿ ತುಟಿಯ ಕಾಲಿನ ಕೆಳಗೆ ಬರುವ ಹಾಗೆ ನಿಲ್ಲಿಸಿದೆವು. ಆಗ ಸಂದು ಒಂದು ಇಂಚಿನ ಸಾವಿರ ಭಾಗದಲ್ಲಿ 17 ಭಾಗ ಇರಬೇಕಂತೆ. ಅಳೆಯುವ ಫೀಲರ್ ಗೇಜ್ ಹುಡುಕಿದರೆ ಸಿಗಲಿಲ್ಲ. ತಾತ ಡ್ರಾಯರ್‌ನಿಂದ ಹಳೇ ಬೆಂಕಿಪೊಟ್ಟಣದ ರಟ್ಟು ಹರಿದು ತಂದರು, ಅದರ ದಪ್ಪ ಹೆಚ್ಚು ಕಮ್ಮಿ ಅಷ್ಟೇ ಅಂತೆ! ರಟ್ಟು ನಡುವೆ ಇಟ್ಟು, ಸ್ಕ್ರೂ ಸಡಿಲಿಸಿ, ತಟ್ಟೆಯನ್ನು ಒಂದು ಕೂದಲಷ್ಟು ಸರಿಸಿ, ಬಿಗಿ ಮಾಡಿ, ರಟ್ಟು ಎಳೆದು ನೋಡಿದೆ. ಅಂಟಿಯೂ ಅಂಟದ ಹಾಗೆ ಜಾರಿತು. ಸ್ಟಾರ್ಟ್ ಮಾಡಿದರೆ ತೊದಲುವುದು ನಿಂತಿತ್ತು. ನನ್ನ ಕೈಯಿಂದ! ನಾನು ದಿನವಿಡೀ ಸಾಫ್ಟ್‌ವೇರ್ ಬರೆಯುವವನು, ಕೆಟ್ಟಿದ್ದನ್ನು ಸರಿ ಮಾಡುವುದು ನನಗೆ ಹೊಸದಲ್ಲ, ಆದರೆ ಕಣ್ಣಿಗೆ ಕಾಣುವ ಕಾರಣ ಇದ್ದು ಬೆರಳಿಗೆ ಸಿಕ್ಕಿ ಸರಿಯಾಗಿದ್ದು ಯಾವತ್ತೂ ಇಲ್ಲ.

ಮನೆಯಲ್ಲಿ ಒಪ್ಪಂದ ಆಗಿದೆ. ಕಾರು ಬರಬಹುದು. ಆದರೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಭುಜದ ಬೆಲ್ಟ್ ಮೂರೂ ಹಾಕುವ ತನಕ ಮಗಳನ್ನು ಹತ್ತಿಸುವ ಹಾಗಿಲ್ಲ. ಹೆದ್ದಾರಿಗೆ ಅಂತೂ ಇಲ್ಲವೇ ಇಲ್ಲ. ಭಾನುವಾರ ಬೆಳಗ್ಗೆ, ಊರೊಳಗೆ, ಅಷ್ಟೇ.

ಈ ಬೆಲ್ಟ್ ಕಿಟ್ ಯಾರಾದರೂ ಹಾಕಿಸಿದ್ದೀರಾ? ಬಾಗಿಲ ಹಿಂದಿನ ಕಂಬಕ್ಕೆ ರಂಧ್ರ ಕೊರೆದರೆ ಗಟ್ಟಿ ನಿಲ್ಲುತ್ತಾ?

ಗ್ರೀಸ್ ಕೈ:

ಬರೀ ತಗಡಿಗೆ ಬೋಲ್ಟ್ ಹಾಕಬೇಡಿ, ಎಳೆತಕ್ಕೆ ಕಿತ್ತು ಬರುತ್ತದೆ. ಹಿಂದೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು ಬೆಸುಗೆ ಹಾಕಿಸಿ, ಈ ಕೆಲಸ ಗೊತ್ತಿರುವವರ ಹತ್ತಿರವೇ. ಮತ್ತೆ ಪೆಟ್ರೋಲ್ ಹೋಗುವ ರಬ್ಬರ್ ಪೈಪೆಲ್ಲ ಮೊದಲು ಬದಲಾಯಿಸಿ, ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರನ್ನು ತಿಂದುಬಿಡುತ್ತದೆ.

ಆ ಬೆಂಕಿಪೊಟ್ಟಣದ ರಟ್ಟು ಎಸೆದಿಲ್ಲ ತಾನೇ?

ಮಿಷಿಗನ್ ಮಾವ:

ಪರ್ಸಿನಲ್ಲಿದೆ.